ನಾಯಿ ಕಚ್ಚಿದರೆ ಮುಚ್ಚಿಡಬೇಡಿ: ಪೋಷಕರಿಗೊಂದು ಪತ್ರ

ಪ್ರೀತಿಯ ಪೋಷಕರೇ,

ನಮಸ್ಕಾರ. ಇತ್ತೀಚೆಗೆ ನಮ್ಮ ನಾಲ್ಕನೇ ತರಗತಿಯ ಹುಡುಗನೊಬ್ಬನಿಗೆ ನೆರೆಕರೆಯವರ ಸಾಕು ನಾಯಿ ಕಚ್ಚಿತು. ಅವನು ಸಾಕ್ಸ್ ಮೇಲಕ್ಕೆಳೆದು ಸುಮ್ಮನೆ ಕ್ಲಾಸಿನಲ್ಲಿ ಕೂತಿದ್ದ. ಮಧ್ಯಾಹ್ನದ ಊಟಕ್ಕೆ ಸಾಲು ನಿಂತಾಗ ಕುಂಟುತ್ತಿದ್ದದ್ದನ್ನು ಟೀಚರ್ ನೋಡಿದರು. ಸಾಕ್ಸ್ ಇಳಿಸಿದರೆ ಹಿಮ್ಮಡಿಯ ಮೇಲೆ ಎರಡು ಹಲ್ಲಿನ ಗುರುತು, ಅದರ ಮೇಲೆ ಒಣಗಿದ ಸುಣ್ಣ. ಅಜ್ಜಿಯ ಎಲೆಯಡಿಕೆ ಪೆಟ್ಟಿಗೆಯಿಂದ ತಾನೇ ತೆಗೆದು ಹಚ್ಚಿಕೊಂಡಿದ್ದ. "ಮನೆಯಲ್ಲಿ ಹೇಳಿದರೆ ಅವರ ಹತ್ತಿರ ಜಗಳ ಆಗ್ತದೆ ಟೀಚರ್" ಎಂದ. ಅವನಿಗೆ ಇಂಜೆಕ್ಷನ್ ಆಗಿದೆ, ಈಗ ಆರಾಮಾಗಿದ್ದಾನೆ. ಆದರೆ ಆ ಮಾತು ನನ್ನ ಮನಸ್ಸಿನಿಂದ ಹೋಗುತ್ತಿಲ್ಲ. ಅದಕ್ಕೇ ಈ ಪತ್ರ.

ಮೊದಲು ಮದ್ದಿನ ವಿಷಯ. ನಾಯಿ ಕಚ್ಚಿದರೆ, ಪರಚಿದರೂ ಸಹ, ಆ ಜಾಗವನ್ನು ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆಯಬೇಕು. ಸುಣ್ಣ, ಅರಸಿನ, ಕಾಫಿ ಪುಡಿ ಯಾವುದೂ ಬೇಡ. ಆಮೇಲೆ ನೇರ ಸರ್ಕಾರಿ ಆಸ್ಪತ್ರೆಗೆ. ಅಲ್ಲಿ ರೇಬಿಸ್ (ಹುಚ್ಚುನಾಯಿ ರೋಗ) ಲಸಿಕೆ ಉಚಿತ. ಮೊದಲ ಇಂಜೆಕ್ಷನ್ ಆದ ಮೇಲೆ 3ನೇ, 7ನೇ, 28ನೇ ದಿನಕ್ಕೆ ಮತ್ತೆ ಹೋಗಬೇಕು. ರಕ್ತ ಬರುವ ಗಾಯವಾದರೆ ಲಸಿಕೆಯ ಜೊತೆಗೆ ಗಾಯದೊಳಗೇ ಸೀರಂ (ರೇಬಿಸ್ ವೈರಸ್ಸನ್ನು ತಕ್ಷಣ ತಡೆಯುವ ಮದ್ದು) ಕೊಡಬೇಕಾಗುತ್ತದೆ. ಸೀರಂ ಎಲ್ಲ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಇರುವುದಿಲ್ಲ, ಎಲ್ಲಿ ಸಿಗುತ್ತದೆ ಎಂದು ನಮ್ಮ ಕೇರಳದ ಆರೋಗ್ಯ ಸಹಾಯವಾಣಿ 'ದಿಶಾ' 1056ಕ್ಕೆ ಕರೆ ಮಾಡಿ ಕೇಳಬಹುದು. ತಲೆ, ಮುಖ, ಕೈಬೆರಳಿಗೆ ಕಚ್ಚಿದರೆ ಒಂದು ಗಂಟೆಯೂ ತಡ ಮಾಡಬೇಡಿ. ರೇಬಿಸ್ ಲಕ್ಷಣ ಒಮ್ಮೆ ಶುರುವಾದರೆ ಮತ್ತೆ ಮದ್ದಿಲ್ಲ.

ಓಪಿ ಚೀಟಿ, ಲಸಿಕೆ ಕಾರ್ಡು, ಬಿಲ್ಲು ಎಲ್ಲವನ್ನೂ ಜೋಪಾನವಾಗಿಡಿ. ಗಾಯದ ಒಂದು ಫೋಟೋ ತೆಗೆದಿಡಿ. ಮುಂದೆ ಹಕ್ಕು ಕೇಳಲು ಇವೇ ಆಧಾರ.

ಸಾಕು ನಾಯಿ ಕಚ್ಚಿದರೆ ಚಿಕಿತ್ಸೆಯ ಖರ್ಚು ಕೇಳುವುದು ಜಗಳವಲ್ಲ, ಅದು ನಿಮ್ಮ ಹಕ್ಕು. ನಾಯಿಯಿಂದ ಬೇರೆಯವರಿಗೆ ತೊಂದರೆಯಾಗದಂತೆ ನೋಡಿಕೊಳ್ಳದೆ ಅಸಡ್ಡೆ ಮಾಡಿದ ಮಾಲೀಕರಿಗೆ ಭಾರತೀಯ ನ್ಯಾಯ ಸಂಹಿತೆಯ 291ನೇ ಸೆಕ್ಷನ್ ಪ್ರಕಾರ 6 ತಿಂಗಳವರೆಗೆ ಜೈಲು, ಇಲ್ಲವೇ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಪೊಲೀಸ್ ಸ್ಟೇಷನ್ನಿನವರೆಗೆ ಹೋಗಲು ಯಾರಿಗೂ ಇಷ್ಟವಿರುವುದಿಲ್ಲ, ಅಲ್ವಾ? ಮೊದಲು ಕೂತು ಮಾತಾಡಿ. ನಾಯಿಗೆ ಲಸಿಕೆ ಹಾಕಿದ ಸರ್ಟಿಫಿಕೇಟ್ ತೋರಿಸಲು ಹೇಳಿ. ನಾಯಿಗೆ ರೇಬಿಸ್ ಲಕ್ಷಣ ಕಾಣುತ್ತದೆಯೇ ಎಂದು ಅದನ್ನು 10 ದಿನ ಕಟ್ಟಿಹಾಕಿ ಗಮನಿಸಲು ಹೇಳಿ. ಆ 10 ದಿನ ಮುಗಿಯಲಿ ಎಂದು ಮಗುವಿನ ಇಂಜೆಕ್ಷನ್ ಮಾತ್ರ ಮುಂದೂಡಬೇಡಿ.

ನಾಯಿ ಸಾಕಿರುವ ಪೋಷಕರೂ ನಮ್ಮಲ್ಲಿ ತುಂಬಾ ಜನ ಇದ್ದೀರಿ. ಅಡಿಕೆ ತೋಟವಿರುವ ಮನೆಗಳಲ್ಲಿ ನಾಯಿ ಬೇಕೇ ಬೇಕು, ನನಗೆ ಗೊತ್ತು. ಪಂಚಾಯತಿನಿಂದ ಲೈಸೆನ್ಸ್ ಮಾಡಿಸಿ, ವರ್ಷಕ್ಕೊಮ್ಮೆ ಲಸಿಕೆ ಹಾಕಿಸಿ. ಬೆಳಿಗ್ಗೆ ಮಕ್ಕಳು ಶಾಲೆಗೆ ನಡೆದು ಬರುವ ಹೊತ್ತಿಗೆ ಮತ್ತು ಸಂಜೆ ಬಿಡುವ ಹೊತ್ತಿಗೆ ಕಟ್ಟಿಹಾಕಿ. ಕಚ್ಚಿದೆ ಎಂದು ಗೊತ್ತಾದರೆ ಅವರು ಬಂದು ಕೇಳುವವರೆಗೆ ಕಾಯಬೇಡಿ, ನೀವೇ ಹೋಗಿ ಆ ಮಗುವನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಬೀದಿ ನಾಯಿಯ ವಿಷಯದಲ್ಲಿ ಜವಾಬ್ದಾರಿ ಪಂಚಾಯತಿನದ್ದು. ಕೇರಳದಲ್ಲಿ ಬೀದಿ ನಾಯಿ ಕಚ್ಚಿದವರಿಗೆ ಪರಿಹಾರ ನಿರ್ಧರಿಸಲೆಂದೇ ಸುಪ್ರೀಂ ಕೋರ್ಟ್ 2016ರಲ್ಲಿ ನಿವೃತ್ತ ನ್ಯಾಯಮೂರ್ತಿ ಸಿರಿಜಗನ್ ಅವರ ಸಮಿತಿಯನ್ನು ನೇಮಿಸಿತ್ತು. ಈಗ ಪರಿಹಾರಕ್ಕೆ ಅರ್ಜಿ ಹಾಕುವ ಬಗ್ಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಿಚಾರಿಸಿ. ಮಕ್ಕಳಿಗೂ ಹೆಂಗಸರಿಗೂ ಅಲ್ಲಿ ವಕೀಲರ ನೆರವು ಉಚಿತ, ಆದಾಯ ಎಷ್ಟೇ ಇರಲಿ. ಮಲಯಾಳಂ ಬರೆಯಲು ಬರುವುದಿಲ್ಲ ಎಂದು ಹಿಂಜರಿಯಬೇಡಿ. ನಮ್ಮ ಕಾಸರಗೋಡಿನ ಕನ್ನಡಿಗರು ಸರ್ಕಾರಿ ಕಚೇರಿಗಳೊಂದಿಗೆ ಕನ್ನಡದಲ್ಲೇ ವ್ಯವಹರಿಸಲು 1969ರ ಕೇರಳ ಅಧಿಕೃತ ಭಾಷಾ ಕಾಯಿದೆಯಲ್ಲೇ ಅವಕಾಶವಿದೆ. ಅರ್ಜಿ ಬರೆಯಲು ಬೇಕಾದರೆ ನಮ್ಮ ಆಫೀಸಿಗೆ ಬನ್ನಿ, ಕೂತು ಬರೆಯೋಣ.

ಸಿಟ್ಟಿನಲ್ಲಿ ನಾಯಿಯನ್ನು ಹೊಡೆದು ಕೊಲ್ಲುವುದು, ವಿಷ ಹಾಕುವುದು ಮಾತ್ರ ಬೇಡ. ಅದು ಅಪರಾಧ, 5 ವರ್ಷದವರೆಗೆ ಶಿಕ್ಷೆ ಇದೆ. ಮೇಲಾಗಿ ನಾಯಿ ಸತ್ತರೆ ಅದನ್ನು 10 ದಿನ ಗಮನಿಸಲೂ ಆಗುವುದಿಲ್ಲ.

ಶಾಲೆಯ ಕೆಲಸವನ್ನೂ ಹೇಳುತ್ತೇನೆ. ಶಾಲೆಗಳಿಗೆ ಬೇಲಿ, ಗೇಟು ಭದ್ರವಾಗಿರಬೇಕು, ಒಳಗೆ ಬಂದ ಬೀದಿ ನಾಯಿಗಳನ್ನು ಸ್ಥಳೀಯ ಸಂಸ್ಥೆ ಹಿಡಿದುಕೊಂಡು ಹೋಗಬೇಕು, ಮತ್ತೆ ಅಲ್ಲೇ ತಂದು ಬಿಡಬಾರದು ಎಂದು 2025ರ ನವೆಂಬರ್ 7ರಂದು ಸುಪ್ರೀಂ ಕೋರ್ಟ್ ಆದೇಶಿಸಿದೆ. ನಮ್ಮ ಹಿಂಬದಿಯ ಕಾಂಪೌಂಡು ಕುಸಿದಿರುವುದನ್ನು ಈ ಆದೇಶದ ಆಧಾರದಲ್ಲೇ ಪಂಚಾಯತಿಗೆ ಬರೆದಿದ್ದೇನೆ. ಮುಂದಿನ ಪಿಟಿಎ ಸಭೆಗೆ ವಾರ್ಡ್ ಮೆಂಬರನ್ನೂ ಕರೆದಿದ್ದೇವೆ, ದಯವಿಟ್ಟು ಎಲ್ಲರೂ ಬನ್ನಿ. ಊಟದ ಎಂಜಲು ಹೊರಗೆ ಚೆಲ್ಲದಂತೆ ಮುಚ್ಚಳದ ಡ್ರಮ್ ಇಟ್ಟಿದ್ದೇವೆ.

ಇವತ್ತು ರಾತ್ರಿ ಮಗುವನ್ನು ಹತ್ತಿರ ಕೂರಿಸಿಕೊಂಡು ಹೇಳಿ: ನಾಯಿ ಕಚ್ಚಿದರೆ ಬೈಯುವುದಿಲ್ಲ, ತಕ್ಷಣ ಹೇಳು ಎಂದು. ಇಂಜೆಕ್ಷನ್ ದಿನ ಶಾಲೆ ತಪ್ಪಿದರೆ ಚಿಂತೆ ಬೇಡ. ಮರುದಿನ ಒಂದು ಚೀಟಿ ಕಳಿಸಿದರೆ ಸಾಕು.

ಇತಿ ನಿಮ್ಮ,
ಮುಖ್ಯೋಪಾಧ್ಯಾಯಿನಿ