ಸ್ಕೂಲ್ ಕಣ್ಣಿನ ಕ್ಯಾಂಪಲ್ಲಿ ಪಕ್ಕದ ನೋಟಾನೂ ನೋಡಿ

ಸಂಪಾದಕರಿಗೆ ನಮಸ್ಕಾರ,

ನಮ್ಮಕ್ಕನ ಮಗಳು ಆರನೇ ಕ್ಲಾಸು. ಬಾಗಿಲು ದಾಟುವಾಗೆಲ್ಲ ಭುಜಾನ ಚೌಕಟ್ಟಿಗೆ ಬಡಿಸ್ಕೊಳ್ತಿದ್ಲು, ನಾವೆಲ್ಲ "ನೋಡ್ಕೊಂಡು ನಡಿಯೇ" ಅಂತ ಗದರ್ತಾನೇ ಇದ್ವಿ, ಈಗ ನೆನೆಸ್ಕೊಂಡ್ರೆ ಹೊಟ್ಟೆ ಉರಿಯುತ್ತೆ. ಸ್ಕೂಲ್ ಕ್ಯಾಂಪಲ್ಲಿ ಚಾರ್ಟ್ ಓದ್ಸಿ ಕಣ್ಣು ಸರಿಯಿದೆ ಅಂದ್ರು. ಆಮೇಲೆ ತಲೆನೋವು, ಬೆಳಗ್ಗೆ ಎದ್ದ ಕೂಡ್ಲೆ ವಾಂತಿ, ಅದಕ್ಕೆ ಗ್ಯಾಸ್ಟ್ರಿಕ್ ಮಾತ್ರೆ, ಹಿಂಗೇ ಎಂಟು ತಿಂಗಳು ಹೋಯ್ತು. ಕೊನೆಗೆ ಒಬ್ರು ಕಣ್ಣಿನ ಡಾಕ್ಟ್ರು ಅವಳ ಒಂದೊಂದೇ ಕಣ್ಣು ಮುಚ್ಚಿಸಿ, ಎದುರಿಗೆ ಕೂತು ಪಕ್ಕದಲ್ಲಿ ಬೆರಳು ಆಡ್ಸಿ "ಕಾಣುತ್ತಾ ಪುಟ್ಟಿ" ಅಂದ್ರು. "ಏನು ಕಾಣ್ಬೇಕು?" ಅಂದ್ಲು. ಅವತ್ತೇ ಎಂಆರ್‌ಐ ಬರ್ಕೊಟ್ರು.

ಕ್ರೇನಿಯೋಫ್ಯಾರಿಂಜಿಯೋಮ. ಮೆದುಳಿನ ಬುಡದಲ್ಲಿದ್ದು ಬೆಳವಣಿಗೆಯಂಥ ಕೆಲಸಕ್ಕೆ ಹಾರ್ಮೋನು ಕೊಡೋ ಪಿಟ್ಯುಟರಿ ಗ್ರಂಥಿ ಹತ್ರ ಬೆಳೆಯೋ ಗಡ್ಡೆ, ಕ್ಯಾನ್ಸರ್ ಅಲ್ಲ, ಆದ್ರೆ ಒಳಗೆ ನೀರು ತುಂಬಿ ಉಬ್ಬಿ, ಎರಡು ಕಣ್ಣಿನ ನರಗಳು ಕೂಡೋ ಜಾಗಾನ ಒತ್ತುತ್ತೆ, ಅದಕ್ಕೇ ಪಕ್ಕದ ನೋಟ ಮೊದ್ಲು ಹೋಗುತ್ತೆ, ಎದುರಿನ ಚಾರ್ಟ್ ಮಾತ್ರ ಕಾಣ್ತಾನೇ ಇರುತ್ತೆ.

ಪೂರ್ತಿ ಗಡ್ಡೆ ತೆಗಿಯೋಕೆ ಹೋದ್ರೆ ಹಾರ್ಮೋನು, ಕಣ್ಣು ಎರಡಕ್ಕೂ ಅಪಾಯ ಅಂತ ನ್ಯೂರೋಸರ್ಜನ್ನು ಬೇರೆ ದಾರಿ ಹಿಡಿದ್ರು. ತಲೆಬುರುಡೇಲಿ ಸಣ್ಣ ತೂತು ಮಾಡಿ, ಎಂಡೋಸ್ಕೋಪಲ್ಲಿ, ಅಂದ್ರೆ ಕ್ಯಾಮೆರಾ ಇರೋ ಸಣ್ಣ ಕೊಳವೇಲಿ, ಕಣ್ಣಾರೆ ನೋಡ್ಕೊಂಡೇ ಆ ನೀರಿನ ಚೀಲದೊಳಗೆ ಮೆತ್ತಗಿನ ನಳಿಗೆ (ಕ್ಯಾಥೆಟರ್) ಇಟ್ಟು, ಇನ್ನೊಂದು ತುದೀನ ನೆತ್ತಿ ಚರ್ಮದ ಕೆಳಗಿರೋ ಪುಟ್ಟ ಗುಬುಟಿಗೆ ಸೇರಿಸ್ತಾರೆ. ಅದಕ್ಕೆ ಒಮ್ಮಾಯ ರಿಸರ್ವಾಯರ್ ಅಂತಾರೆ, ಈಗಿನ ಪಾಕಿಸ್ತಾನದಲ್ಲಿ ಹುಟ್ಟಿದ ಡಾಕ್ಟರ್ ಆಯೂಬ್ ಒಮ್ಮಾಯ 1963ರಲ್ಲಿ ತಂದಿದ್ದು. ಮತ್ತೆ ನೀರು ತುಂಬಿದ್ರೆ ತಲೆ ಬಿಚ್ಚೋದು ಬೇಡ, ಅಲ್ಲಿಗೇ ಸೂಜಿ ಚುಚ್ಚಿ ಎಳೀತಾರೆ. ನಾನು ಕಣ್ಣಾರೆ ನೋಡಿದೀನಿ, ಬೈಕ್ ಸರ್ವೀಸಲ್ಲಿ ಇಳಿಸೋ ಹಳೇ ಆಯಿಲ್ ಥರ ಇತ್ತು, ಲೈಟಿಗೆ ಹಿಡಿದ್ರೆ ಒಳಗೆ ಮಿಣಮಿಣ ಹರಳು, ಕೊಲೆಸ್ಟ್ರಾಲ್ ಅಂತೆ. ತಲೆನೋವು ನಿಂತಿದೆ. ಗಡ್ಡೆಯ ಗಟ್ಟಿ ಭಾಗ ಇನ್ನೂ ಇದೆ, ಸ್ಕ್ಯಾನು, ಮಾತ್ರೆ ನಡೀತಾನೇ ಇದೆ. ಆದ್ರೆ ಹೋದ ನೋಟ ಪೂರ್ತಿ ವಾಪಸ್ ಬಂದಿಲ್ಲ, ಆ ಎಂಟು ತಿಂಗಳು ಉಳಿದಿದ್ರೆ ಅನ್ನೋದೇ ನಮ್ಮ ಸಂಕಟ.

ಬೆರಳಾಡ್ಸಿ ನೋಡೋಕೆ ಮಷಿನ್ ಬೇಡ, ದುಡ್ಡು ಬೇಡ, ಒಂದು ಮಗುಗೆ ಎರಡು ನಿಮಿಷ ಸಾಕು. ಆರೋಗ್ಯ ಇಲಾಖೆಯವ್ರು ಸ್ಕೂಲ್ ಕ್ಯಾಂಪಲ್ಲಿ ಇದನ್ನ ಕಡ್ಡಾಯ ಮಾಡ್ಬೇಕು. ಮಕ್ಕಳು ಪಕ್ಕಕ್ಕೆ ಎಡವ್ತಿದ್ರೆ, ವಯಸ್ಸಿಗೆ ತಕ್ಕ ಎತ್ತರ ಬೆಳೀದೆ ಇದ್ರೆ, ರಾತ್ರಿಯೆಲ್ಲ ಎದ್ದೆದ್ದು ನೀರು ಕುಡೀತಿದ್ರೆ ಅಪ್ಪ ಅಮ್ಮಂದ್ರು ಬೈಯೋ ಬದ್ಲು ದಯವಿಟ್ಟು ಡಾಕ್ಟ್ರಿಗೆ ತೋರ್ಸಿ.

ಇಂತಿ,
ಓದುಗರೊಬ್ಬರು, ತಿಪಟೂರು