ಚಿ. ಅನುವಿಗೆ, ಸಹಿಯ ವಿಷಯವಾಗಿ

ಮೈಸೂರು
ಗುರುವಾರ ರಾತ್ರಿ

ಚಿ. ಅನುವಿಗೆ ನಿನ್ನ ದೊಡ್ಡಮ್ಮ ಮಾಡುವ ಆಶೀರ್ವಾದಗಳು.

ಆಫೀಸಿನಲ್ಲಿ ನಡೆದದ್ದನ್ನು, ಮ್ಯಾನೇಜರ್ ಮಾತಿಗೆ ನೀನು ಆ ಹುಡುಗಿಯ ವಿರುದ್ಧದ ಕಾಗದಕ್ಕೆ ಸಹಿ ಹಾಕಿದ್ದನ್ನು, ನಿಮ್ಮಮ್ಮ ಫೋನಿನಲ್ಲಿ ಎರಡೆರಡು ಸಲ ಹೇಳಿದ್ದಾಳೆ, ನಾನು ಮತ್ತೆ ಕೆದಕುವುದಿಲ್ಲ. ಮನೆಸಾಲ, ನಿಮ್ಮಪ್ಪನ ಮಂಡಿನೋವು ಎಲ್ಲ ಗೊತ್ತಿರುವುದೇ. ನನ್ನ ನಿದ್ದೆ ಕೆಡಿಸಿದ್ದು ನಿನ್ನ ಕಾಗದದ ಕೊನೆಯ ಸಾಲು. ‘ಅದಕ್ಕೆ ಸಹಿ ಹಾಕಿದವಳು ಇನ್ನು ಯಾವ ಬಾಯಲ್ಲಿ ನಾಟಕ ಬರೀಲಿ ದೊಡ್ಡಮ್ಮಾ?’ ಎಂದು ಕೇಳಿ, ಕೆಳಗೆ ಹೆಸರೂ ಬರೆಯದೆ ನಿಲ್ಲಿಸಿದ್ದೀಯ. ಆ ಹೆಸರಿಲ್ಲದ ಜಾಗ ನೋಡಿ ನನಗೆ ಭಯವಾಯಿತು ಕಣೇ.

ಉತ್ತರ ಹುಡುಕುತ್ತಾ ಕೂತಾಗ ನೆನಪಾದವನು ರಾಬರ್ಟ್ ಬೋಲ್ಟ್. ಹದಿನೇಳು ವರ್ಷ ಬಿ.ಎ. ಮಕ್ಕಳಿಗೆ ನಾನು ಹೇಳಿಕೊಟ್ಟ ‘ಎ ಮ್ಯಾನ್ ಫಾರ್ ಆಲ್ ಸೀಸನ್ಸ್’ ಬರೆದವನು. ಮ್ಯಾಂಚೆಸ್ಟರ್ ಪಕ್ಕದ ಸೇಲ್ ಎಂಬ ಊರಲ್ಲಿ ಮೇಜು ಕುರ್ಚಿ ಮಾರುವ ಅಂಗಡಿಯವರ ಮಗ. ವಿಮಾ ಕಚೇರಿಯಲ್ಲಿ ಗುಮಾಸ್ತನಾಗಿದ್ದ, ಯುದ್ಧಕ್ಕೆ ಹೋಗಿಬಂದ, ಆಮೇಲೆ ಸ್ಕೂಲ್ ಮೇಷ್ಟ್ರು. ಈ ನಾಟಕವನ್ನು 1954ರಲ್ಲಿ ಬಿ.ಬಿ.ಸಿ. ರೇಡಿಯೋಗೆಂದು ಬರೆದಾಗಲೂ ಅವನು ಮೇಷ್ಟ್ರೇ. ಲಂಡನ್ನಿನ ರಂಗಕ್ಕೆ ಅದು ಬಂದದ್ದು 1960ರಲ್ಲಿ. ಥಾಮಸ್ ಮೋರ್ ಕಥೆ ನಿನಗೆ ಗೊತ್ತು, ಇಂಗ್ಲೆಂಡಿನ ದೊರೆ ಎಂಟನೇ ಹೆನ್ರಿ ಕೇಳಿದ ಪ್ರಮಾಣ ಮಾಡಲೊಲ್ಲದೆ 1535ರಲ್ಲಿ ತಲೆ ಕೊಟ್ಟವನು. ಬೋಲ್ಟನಿಗೆ ಮೋರ್‌ನ ಧರ್ಮದಲ್ಲಿ ನಂಬಿಕೆ ಇರಲಿಲ್ಲ. ಆಣೆ ಇಡುವವನು ತನ್ನನ್ನೇ ಬೊಗಸೆಯ ನೀರಿನ ಹಾಗೆ ಹಿಡಿದಿರುತ್ತಾನೆ, ಬೆರಳು ಸಡಿಲಿಸಿದರೆ ಮುಗಿಯಿತು ಎನ್ನುವ ಮಾತೊಂದಿದೆಯಲ್ಲ, ಅವನಿಗೆ ಬೇಕಾಗಿದ್ದದ್ದು ಅದು.

ಅದನ್ನು ಬರೆದ ಆ ಮನುಷ್ಯ ಮರುವರ್ಷವೇ ಏನು ಮಾಡಿದ ಗೊತ್ತೇ? 1961ರಲ್ಲಿ ಅಣುಬಾಂಬಿನ ವಿರುದ್ಧ ತತ್ವಜ್ಞಾನಿ ಬರ್ಟ್ರಂಡ್ ರಸೆಲ್ ಮುಂದಾಳತ್ವದಲ್ಲಿ ಚಳವಳಿ ನಡೆಯಿತು, ಬೋಲ್ಟ್ ಕೂಡ ಅದರಲ್ಲಿದ್ದ. ‘ಇನ್ನು ಶಾಂತಿಯಿಂದ ಇರುತ್ತೇವೆ ಅಂತ ಮುಚ್ಚಳಿಕೆ ಬರೆದುಕೊಡಿ’ ಎಂದಿತು ಕೋರ್ಟು. ಬೋಲ್ಟ್ ಒಪ್ಪಲಿಲ್ಲ, ಒಂದು ತಿಂಗಳ ಸಜೆ ಬಿತ್ತು. ಎಂಬತ್ತೊಂಬತ್ತರ ರಸೆಲ್ ಕೂಡ ಒಂದು ವಾರ ಒಳಗಿದ್ದರು. ಅಷ್ಟರಲ್ಲಿ ‘ಲಾರೆನ್ಸ್ ಆಫ್ ಅರೇಬಿಯಾ’ ಸಿನಿಮಾದ ಚಿತ್ರಕಥೆ ಅರ್ಧಕ್ಕೆ ನಿಂತಿತ್ತು. ನಿರ್ಮಾಪಕ ಸ್ಯಾಮ್ ಸ್ಪೀಗಲ್ ಜೈಲಿಗೇ ಬಂದು, ನಿನ್ನೊಬ್ಬನ ಹಟಕ್ಕೆ ಎಷ್ಟೋ ಜನರ ಕೆಲಸ ಹೋಗುತ್ತದೆ ಎಂದ. ಎರಡು ವಾರಕ್ಕೆ ಬೋಲ್ಟ್ ಸಹಿ ಹಾಕಿ ಹೊರಗೆ ಬಂದ. ಎಷ್ಟೋ ಜನರ ಕೆಲಸ! ನಿನ್ನ ಮ್ಯಾನೇಜರೂ ಅದನ್ನೇ ಹೇಳಿದ್ದನಲ್ಲವೇ?

ಅದೇ ವರ್ಷ ನವೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ ಅವನ ನಾಟಕ ಶುರುವಾಯಿತು. ನಟ ಪಾಲ್ ಸ್ಕೋಫೀಲ್ಡ್ ರಂಗದ ಮೇಲೆ ಮೋರ್ ಆಗಿ ನಿಂತು, ಪ್ರಮಾಣ ಮಾಡಲಾರೆ ಎನ್ನುತ್ತಿದ್ದ. ಬರೆದವನು ಅದನ್ನು ಹೇಗೆ ಕೇಳಿಸಿಕೊಂಡನೋ. ಆ ಸಹಿಗಾಗಿ ಸಾಯುವ ತನಕ ಪಶ್ಚಾತ್ತಾಪ ಪಟ್ಟನಂತೆ. ಅವನ ಹೊಟ್ಟೆ ತಣ್ಣಗಾಗಿತ್ತು ಎಂದು ನಿನಗೆ ಹೇಳಿದರೆ ನನ್ನ ಮಾತು ಸುಳ್ಳಾಗುತ್ತದೆ.

ನನ್ನದೂ ಹೇಳಿಬಿಡುತ್ತೇನೆ, ನಿಮ್ಮಮ್ಮನಿಗೂ ಗೊತ್ತಿಲ್ಲ. ಆಗ ನಾನಿದ್ದ ಕಾಲೇಜಿನಲ್ಲಿ ಹಂಗಾಮಿ ಮೇಷ್ಟ್ರು ಒಬ್ಬರಿದ್ದರು. ಪಾಠ ಸರಿಯಾಗಿ ಮಾಡುವುದಿಲ್ಲ ಎಂದು ಅವರ ಮೇಲೆ ಒಂದು ಕಾಗದ ಸ್ಟಾಫ್ ರೂಮಿಗೆ ಬಂತು. ಸುಳ್ಳು ಎಂದು ಎಲ್ಲರಿಗೂ ಗೊತ್ತಿತ್ತು. ಹನ್ನೊಂದು ಸಹಿ ಬಿದ್ದಿತ್ತು, ಹನ್ನೆರಡನೆಯದು ನಾನು. ನನ್ನ ಕಾಯಂ ಆದೇಶ ಇನ್ನೂ ಬಂದಿರಲಿಲ್ಲ. ಮಧ್ಯಾಹ್ನ ಇದೇ ನಾಟಕದ ಪಾಠ, ಬೊಗಸೆ ನೀರಿನ ದೃಶ್ಯ. ‘ಇದು ಪರೀಕ್ಷೆಗೆ ಬರಲ್ಲ, ಮುಂದಕ್ಕೆ ಹೋಗೋಣ’ ಎಂದು ನಾಲ್ಕು ಪುಟ ತಿರುವಿಬಿಟ್ಟೆ. ಆ ವರ್ಷ ಅದೇ ಬಂತು, ಹದಿನೈದು ಅಂಕಕ್ಕೆ. ಮಕ್ಕಳು ನನ್ನ ಮುಖ ನೋಡಲಿಲ್ಲ.

ಆ ದಿನಗಳಲ್ಲಿ ನಾನು ಆಕಾಶವಾಣಿಗೆ ನಾಟಕ ಬರೆಯುತ್ತಿದ್ದೆ. ಎರಡು ಪ್ರಸಾರವಾಗಿದ್ದವು, ಮೂರನೆಯದು ಕೆಳದಿಯ ಚೆನ್ನಮ್ಮನದು. ಔರಂಗಜೇಬನಿಗೆ ಹೆದರದೆ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟವಳ ಬಾಯಲ್ಲಿ ಮಾತಾಡಿಸಲು ಯಾವ ಮುಖ ಇದೆ ನನಗೆ ಎಂದು ಪೆಟ್ಟಿಗೆಗೆ ಹಾಕಿದೆ. ಆಮೇಲೆ ಏನೂ ಬರೆಯಲಿಲ್ಲ. ಅದನ್ನು ದೊಡ್ಡ ಪ್ರಾಮಾಣಿಕತೆ ಅಂತಲೇ ಅಂದುಕೊಂಡಿದ್ದೆ. ನಿನ್ನ ಕಾಗದ ಓದಿದ ಮೇಲೆ ಹಾಗನ್ನಿಸುತ್ತಿಲ್ಲ. ನಾನು ಬರೆಯದೆ ಉಳಿದದ್ದರಿಂದ ಆ ಮೇಷ್ಟ್ರಿಗೇನು ಬಂತು?

ಬೋಲ್ಟ್ ನಿಲ್ಲಿಸಲಿಲ್ಲ. ‘ಡಾಕ್ಟರ್ ಜಿವಾಗೊ’ಗೂ ಮೋರ್‌ನ ಸಿನಿಮಾಕ್ಕೂ ಒಂದರ ಹಿಂದೊಂದು ಆಸ್ಕರ್ ಬಂದವು. ಅದು ಬಿಡು, ಸಿನಿಮಾದವರ ಹಬ್ಬ. 1970ರಲ್ಲಿ ನಾಟಕವೊಂದರಲ್ಲಿ ಎಲಿಜಬೆತ್ ಮತ್ತು ಮೇರಿ ರಾಣಿಯರನ್ನು ಎದುರುಬದುರು ನಿಲ್ಲಿಸಿದ, 1977ರಲ್ಲಿ ಲೆನಿನ್ ಮೇಲೆ ಬರೆದ. ಎರಡು ವರ್ಷಕ್ಕೆ ಹೃದಯಾಘಾತ, ಅದರ ಹಿಂದೆಯೇ ಪಾರ್ಶ್ವವಾಯು. ಮಾತೇ ಬಿದ್ದುಹೋಯಿತು. ಮಾತಾಡುವುದನ್ನು ಮತ್ತೆ ಕಲಿತು, 1995ರಲ್ಲಿ ತೀರಿಕೊಳ್ಳುವವರೆಗೂ ಬರೆಯುತ್ತಲೇ ಇದ್ದ. 1986ರ ‘ದ ಮಿಷನ್’ ಸಿನಿಮಾ ನೋಡು. ಕತ್ತಿ ಹಿಡಿಯುವ ಪಾದ್ರಿ ಒಬ್ಬ, ಹಿಡಿಯದವನು ಇನ್ನೊಬ್ಬ. ಮೇಲಿಂದ ಬಂದು, ಬೇರೆ ದಾರಿಯಿಲ್ಲ ಎಂದುಕೊಂಡು ಒಪ್ಪಿಗೆ ಕೊಡುವ ಧರ್ಮಾಧಿಕಾರಿ ಮತ್ತೊಬ್ಬ. ಕಥೆ ಹೇಳುವವನು ಆ ಮೂರನೆಯವನೇ. ಸಹಿ ಹಾಕದವನಿಗೆ ಆ ದನಿ ಸಿಗುತ್ತಿತ್ತೇ? ನನಗೆ ಸಂಶಯ.

ಮಾಡಿದ್ದು ಸರಿ ಎನ್ನುತ್ತಿಲ್ಲ ಅನೂ, ತಪ್ಪೇ. ಆ ಹುಡುಗಿಯ ಮನೆಗೆ ಒಂದು ಸಲ ಹೋಗಿ ಬರಬಹುದೇನೋ. ಏನು ಮಾತಾಡಬೇಕು ಎಂದು ನನ್ನನ್ನು ಕೇಳಬೇಡ, ನಾನು ಹೋದವಳಲ್ಲ. ಸಹಿ ಮಾಡಿದ್ದರ ನಕಲು ಇದೆಯೇ? ಇಲ್ಲದಿದ್ದರೆ ಕೇಳಿ ಇಸಕೋ. ಕೆಲಸ ಬಿಡುವುದಾದರೆ ಬೇರೆ ಕಡೆ ಖಾತ್ರಿಯಾದ ಮೇಲೆ ಬಿಡು, ಇದು ಹೇಡಿಯ ಬುದ್ಧಿ ಅನ್ನಿಸಿದರೆ ಅನ್ನಿಸಲಿ. ನಾಟಕದಲ್ಲಿ ಸಹಿ ಹಾಕುವವಳೊಬ್ಬಳನ್ನು ತಂದರೆ ಅವಳನ್ನು ಬೈಯಬೇಡ, ಒಂದು ದೃಶ್ಯ ಪೂರ್ತಿ ಅವಳಿಗೇ ಬಿಡು.

ಮೋರ್ ನಾಟಕದ ನನ್ನ ಹಳೇ ಪ್ರತಿ ಕೊರಿಯರಿನಲ್ಲಿ ಕಳಿಸುತ್ತಿದ್ದೇನೆ. ಬೈಂಡು ಬಿಟ್ಟಿದೆ, ದಾರ ಕಟ್ಟಿದ್ದೇನೆ. ಅಂಚಿನ ತುಂಬಾ ಪೆನ್ಸಿಲ್ ಟಿಪ್ಪಣಿ, ಆ ನಾಲ್ಕು ಪುಟ ಮಾತ್ರ ಖಾಲಿ. ಓದಿ ಬರೆ, ಈ ಸಲ ಕೆಳಗೆ ಹೆಸರು ಹಾಕು.

ಇಂತಿ ನಿನ್ನ
ದೊಡ್ಡಮ್ಮ