ಕೂಸುಗಳನ್ನ ಲೇಹ್‌ಗೆ ಕರ್ಕೊಂಡು ಹೋಗೋ ಮುಂಚೆ

ಮಾನ್ಯ ಸಂಪಾದಕರೇ,

ಬೇಸಿಗೆ ರಜೆ ಬಂತು ಅಂದ್ರೆ ನಮ್ಮ ಕೊಡಗಿನಿಂದ ಲಡಾಖ್ ಕಡೆ ಹೊರಡೋರು ಇದ್ದೇ ಇರ್ತಾರೆ, ಕೆಲವರು ಟೂರ್‌ಗೆ, ಕೆಲವರು ಅಲ್ಲಿ ಡ್ಯೂಟಿಲಿರೋ ಗಂಡನ್ನ ನೋಡೋಕೆ, ಕಂಕುಳಲ್ಲಿ ವರ್ಷ ತುಂಬದ ಕೂಸೂ ಇರುತ್ತೆ. 1948ರಲ್ಲಿ ಲೇಹ್‌ಗೆ ಇಳಿದ ಮೊದಲ ವಿಮಾನದಲ್ಲಿ ನಮ್ಮ ಕೊಡಗಿನ ಸೇನಾಧಿಕಾರಿ ತಿಮ್ಮಯ್ಯನವರೇ ಇದ್ರು, ಆ ಊರು ನಮಗೆ ಪರಕೀಯ ಅನ್ನಿಸೋದೇ ಇಲ್ಲ. ಆದ್ರೆ "ನಾವೂ ಬೆಟ್ಟದವರೇ, ಮಕ್ಕಳಿಗೆ ಏನೂ ಆಗಲ್ಲ" ಅಂತಾರಲ್ಲ, ಅದು ಮಾತ್ರ ತಪ್ಪು.

ಮಡಿಕೇರಿ ಇರೋದು ಸುಮಾರು 1,150 ಮೀಟರ್ ಎತ್ತರದಲ್ಲಿ, ಕೊಡಗಿನ ಅತಿ ಎತ್ತರದ ಬೆಟ್ಟ ತಡಿಯಂಡಮೋಳ್ ತುದಿಗೆ ಹತ್ತಿದ್ರೂ 1,748. ಲೇಹ್ 3,500! ಗಾಳಿಲಿ ಆಕ್ಸಿಜನ್ ಪಾಲು ಎಲ್ಲಾ ಕಡೆನೂ ಶೇ. 21, ಅಲ್ಲಿ ಕಡಿಮೆ ಆಗೋದು ಗಾಳಿಯ ಒತ್ತಡ, ಸಮುದ್ರ ಮಟ್ಟದಲ್ಲಿ ಇರೋದರ ಹತ್ತತ್ರ ಮೂರರಲ್ಲಿ ಎರಡು ಪಾಲು ಅಷ್ಟೇ. ಹಗಲು ಮಗು ಆಡ್ಕೊಂಡು ಚೆನ್ನಾಗೇ ಇರುತ್ತೆ, ನಿದ್ದೆಲಿ ಉಸಿರಾಟ ಮೆಲ್ಲಗಾಗುತ್ತೆ, ಎಳೆ ಕೂಸುಗಳು ಬೇಗ ಬೇಗ ಉಸಿರಾಡಿ ಕೆಲವು ಸೆಕೆಂಡ್ ನಿಲ್ಲಿಸೋದು ಊರಲ್ಲೂ ಉಂಟು, ಎತ್ತರದಲ್ಲಿ ಅದು ಇನ್ನೂ ಜಾಸ್ತಿ, ನಿಂತಾಗೆಲ್ಲ ರಕ್ತದ ಆಕ್ಸಿಜನ್ ಸರ್ರನೆ ಇಳಿಯುತ್ತೆ ಯಾಕಂದ್ರೆ ಮೈಯಲ್ಲಿ ಮೊದಲೇ ಕಡಿಮೆ. ಇಲ್ಲಿ ಆಕ್ಸಿಮೀಟರ್‌ಲಿ (ರಕ್ತದ ಆಕ್ಸಿಜನ್ ಅಳೆಯೋ ಸಾಧನ) ಶೇ. 97-98 ತೋರಿಸೋ ಮಗುಗೆ ಅಲ್ಲಿ 90ರ ಆಚೀಚೆ, ಮಲಗಿದಾಗ ಇನ್ನೂ ಕೆಳಗೆ. ಲಡಾಖಿ ಮಕ್ಕಳ ಮೈ ಅದಕ್ಕೆ ಒಗ್ಗಿರುತ್ತೆ, ದೆಹಲಿಯಿಂದ ವಿಮಾನ ಹತ್ತಿ ನೇರ ಇಳಿದ ನಮ್ಮ ಮಕ್ಕಳಿಗೆ ಒಗ್ಗೋಕೆ ಟೈಮೇ ಸಿಕ್ಕಿರಲ್ಲ.

ದೊಡ್ಡವರು ತಲೆನೋವು ಅಂತಾರೆ, ಕೂಸು ಏನು ಹೇಳುತ್ತೆ? ಹಾಲು ಬೇಡ ಅನ್ನುತ್ತೆ, ವಾಂತಿ ಮಾಡುತ್ತೆ, ರಚ್ಚೆ ಹಿಡಿಯುತ್ತೆ, ನಾವು ಪ್ರಯಾಣದ ಸುಸ್ತು ಅಂದ್ಕೊಂಡು ಮಲಗಿಸ್ತೀವಿ. ನೆಗಡಿ ಇದ್ರಂತೂ ಶ್ವಾಸಕೋಶದಲ್ಲಿ ನೀರು ತುಂಬೋ ಅಪಾಯ ಹೆಚ್ಚು. ಏದುಸಿರು, ನೀಲಿ ತುಟಿ ಕಂಡ್ರೆ ಬೆಳಗಾಗ್ಲಿ ಅಂತ ಕಾಯ್ಬೇಡಿ, ಕೂಡಲೇ ಆಸ್ಪತ್ರೆಲಿ ಆಕ್ಸಿಜನ್ ಕೊಡಿಸಿ, ಕೆಳಗಿನ ಊರಿಗೆ ಇಳಿಸಿ. ಹೃದಯದ ತೊಂದರೆ ಇರೋ, ತಿಂಗಳು ತುಂಬದೆ ಹುಟ್ಟಿದ ಮಕ್ಕಳನ್ನ ಡಾಕ್ಟರ್ ಕೇಳದೆ ಕರ್ಕೊಂಡೇ ಹೋಗ್ಬೇಡಿ.

ಸೇನೆಲಿ ಗಟ್ಟಿಮುಟ್ಟಾದ ಯೋಧರಿಗೇ ಅಷ್ಟೆತ್ತರದಲ್ಲಿ ಆರು ದಿನ ಒಗ್ಗಿಸಿ ಆಮೇಲೆ ಕೆಲಸಕ್ಕೆ ಹಾಕ್ತಾರೆ, ಅವರ ಮಕ್ಕಳಿಗೆ ಯಾರು ಹೇಳ್ತಾರೆ? ಜಿಲ್ಲಾಸ್ಪತ್ರೆಯ ಮಕ್ಕಳ ಡಾಕ್ಟರುಗಳೂ ಸೈನಿಕ ಕಲ್ಯಾಣ ಇಲಾಖೆಯವರೂ ಸೇರಿ ಏಪ್ರಿಲ್‌ಗೆ ಮುಂಚೆ ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆಲಿ ಒಂದೊಂದು ದಿನ ತಾಯಂದಿರನ್ನ ಕೂರಿಸಿ ಇದನ್ನೆಲ್ಲ ತಿಳಿಸಲಿ, ದೊಡ್ಡವರ ಬೆರಳಿನ ಆಕ್ಸಿಮೀಟರ್ ಕೂಸಿಗೆ ಸರಿಯಾಗಿ ಕೂರಲ್ಲ, ಪಾದಕ್ಕೆ ಸುತ್ತೋ ಸೆನ್ಸರ್ ಬೇರೆ ಬರುತ್ತೆ, ಅದನ್ನ ಹಾಕೋದು ಹೇಗೆ ಅಂತಾನೂ ತೋರಿಸಲಿ.

– ಒಬ್ಬ ಯೋಧರ ಪತ್ನಿ, ವಿರಾಜಪೇಟೆ